ನಿಂತ ನೀರಿಗೆ ಬಿಒಡಿ ಲೆಕ್ಕ ಸಾಲದು

ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಪ್ಲಾಂಟಿನ ಗೇಟಿನ ಪಕ್ಕದ ಬೋರ್ಡಿನಲ್ಲಿ ಸಾಮಾನ್ಯವಾಗಿ ಐದು ಸಂಖ್ಯೆ ಬರೆದಿರುತ್ತಾರೆ: ಪಿಎಚ್ (ಆಮ್ಲ-ಕ್ಷಾರ ಗುಣ), ಬಿಒಡಿ (ಬ್ಯಾಕ್ಟೀರಿಯಾ ಕೊಳೆ ತಿನ್ನಲು ಬೇಡುವ ಆಮ್ಲಜನಕ), ಸಿಒಡಿ (ಅದೇ ಬೇಡಿಕೆಯ ರಾಸಾಯನಿಕ ಅಳತೆ), ಟಿಎಸ್‌ಎಸ್ (ತೇಲುಕಣ), ಫೀಕಲ್ ಕೋಲಿಫಾರ್ಮ್ (ಮಲದ ಬ್ಯಾಕ್ಟೀರಿಯಾ). ಐದೂ ಮಿತಿಯೊಳಗೇ ಇರುತ್ತವೆ. ಅದೇ ನೀರು ಸೇರುವ ಕೆರೆ ಮಾತ್ರ ಬೇಸಿಗೆ ಹೊತ್ತಿಗೆ ಹಸಿರು ಪೇಂಟ್ ಕಲಸಿಟ್ಟ ಹಾಗಿರುತ್ತದೆ. ಊರವರಿಗೆ ಬೋರ್ಡು ಸುಳ್ಳೆನಿಸುತ್ತದೆ, ಪ್ಲಾಂಟಿನವರಿಗೆ ಊರವರ ದೂರು ಸುಳ್ಳೆನಿಸುತ್ತದೆ. ಎರಡೂ ಸುಳ್ಳಲ್ಲ. ಕೆರೆಯನ್ನು ಹಸಿರು ಮಾಡುವ ಎರಡು ವಸ್ತು, ಸಾರಜನಕ ಮತ್ತು ರಂಜಕ, ಆ ಬೋರ್ಡಿನಲ್ಲಿ ಇಲ್ಲವೇ ಇಲ್ಲ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದು ಮನೆ ಬಾಗಿಲಿಗೇ ಬಂದಿರುವ ವಿಷಯ. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಮೊದಲು ಬಂದು ಬಿದ್ದದ್ದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ. ಯೋಜನೆಯ ಮೊದಲ ಹಂತದ ಲೆಕ್ಕ 440 ಎಂಎಲ್‌ಡಿ (ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್), 126 ಕೆರೆ. ಮರು ತಿಂಗಳೇ ನೊರೆ ಕಾಣಿಸಿಕೊಂಡು, ಹೈಕೋರ್ಟ್ ತಡೆ ಕೊಟ್ಟು, ಮುಂದೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಬಂತು. ಚಿಕ್ಕಬಳ್ಳಾಪುರದ ಕಡೆಗೆ ಎಚ್‌ಎನ್ ವ್ಯಾಲಿ (ಹೆಬ್ಬಾಳ-ನಾಗವಾರ): 210 ಎಂಎಲ್‌ಡಿ, 65 ಕೆರೆ. ವರ್ಷಕ್ಕೆ 700-750 ಮಿಮೀ ಮಳೆ ನಂಬಿಕೊಂಡು, ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಸೀಮೆಗೆ ಈ ನೀರು ಏನು ಮಾಡಿದೆ ಎಂಬುದು ಇಲ್ಲಿನ ರೈತರಿಗೆ ಗೊತ್ತು. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡದ್ದು ನಿಜ. ಹಾಗಾಗಿ ಇಲ್ಲಿ 'ಬೇಕೋ ಬೇಡವೋ' ಎಂಬ ಚರ್ಚೆ ಎತ್ತುತ್ತಿಲ್ಲ. ಎರಡನೇ ಹಂತದವರೆಗೆ, ಅಂದರೆ ಕೆಸರು ಕೂರಿಸಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವವರೆಗೆ ಮಾತ್ರ, ಸಂಸ್ಕರಿಸಿದ ನೀರನ್ನು ಹರಿಯುವ ಹೊಳೆಗೆ ಬಿಡುವುದು ಬೇರೆ, ನಿಂತ ಕೆರೆಗೆ ಬಿಡುವುದು ಬೇರೆ. ಆ ವ್ಯತ್ಯಾಸ ಎಷ್ಟು ಎಂಬುದನ್ನು ಕೆಜಿ ಲೆಕ್ಕದಲ್ಲಿ ನೋಡೋಣ.

ಬಿಒಡಿ ಹುಟ್ಟಿದ್ದೇ ನದಿಗಾಗಿ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಹೇಳಿದ 20-30 ನಿಯಮವೇ, ಅಂದರೆ ಲೀಟರಿಗೆ ಬಿಒಡಿ 20, ತೇಲುಕಣ 30 ಮಿಗ್ರಾಂ (ಮುಂದೆಯೂ ನೀರಿನ ಅಳತೆಗಳೆಲ್ಲ ಲೀಟರಿಗೆ ಮಿಗ್ರಾಂ ಲೆಕ್ಕದಲ್ಲೇ), ಇಂದಿಗೂ ಹೆಚ್ಚುಕಡಿಮೆ ಎಲ್ಲ ಕಡೆಯ ಮಾನದಂಡಗಳ ಅಜ್ಜ. ಆ ನಿಯಮಕ್ಕೆ ಒಂದು ಷರತ್ತಿತ್ತು: ಬಿಟ್ಟ ನೀರಿಗೆ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಒಳ್ಳೆ ನೀರು ಸೇರಬೇಕು. ಐದು ದಿನದ ಪರೀಕ್ಷೆ ಏಕೆಂದರೆ ಅಲ್ಲಿನ ನದಿಗಳು ಸಮುದ್ರ ಮುಟ್ಟಲು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುವುದಿಲ್ಲ ಎಂದು ಹೇಳುವುದುಂಟು. ನಮ್ಮಲ್ಲಿ ಅದನ್ನೇ 27 ಡಿಗ್ರಿಯಲ್ಲಿ ಮೂರು ದಿನ ಮಾಡಿಕೊಂಡಿದ್ದೇವೆ. ಈಗ ಏಪ್ರಿಲ್ ತಿಂಗಳ ಒಂದು ಕೋಲಾರದ ಕೆರೆ ನೆನೆಸಿಕೊಳ್ಳಿ. ಎಂಟು ಪಟ್ಟು ಒಳ್ಳೆ ನೀರು ಎಲ್ಲಿಂದ ತರುವುದು? ಕೆರೆಯಲ್ಲಿರುವುದೇ ಪೈಪಿನ ನೀರು. ಮೇಲಿಂದ ಬಿಸಿಲು ದಿನಕ್ಕೆ 6-8 ಮಿಮೀ ನೀರನ್ನು ಆವಿ ಮಾಡಿ ಎತ್ತಿಕೊಂಡು ಹೋಗುತ್ತದೆ, ಉಪ್ಪು ಮತ್ತು ರಂಜಕವನ್ನು ಮಾತ್ರ ಕೆರೆಗೇ ಬಿಟ್ಟು.

ಸಮುದ್ರದಂಚಿನ ಲಗೂನುಗಳ, ಅಂದರೆ ಉಪ್ಪುನೀರಿನ ಸರೋವರಗಳ ಕಥೆಯೂ ಇದೇ ಜಾತಿಯದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಒಳಗೆ ಬಂದದ್ದು ಬೇಗ ಹೊರಗೆ ಹೋಗುವುದಿಲ್ಲ. ಒಡಿಶಾದ ಚಿಲಿಕಾದಲ್ಲಿ ಹೂಳು ತುಂಬಿ ಸಮುದ್ರದ ಬಾಯಿ ಕಟ್ಟಿಕೊಂಡಾಗ 2000ದಲ್ಲಿ ಹೊಸ ಬಾಯಿ ಕಡಿದರು, ಉಪ್ಪಿನಂಶ ಮರಳಿತು, ಮೀನು ಮರಳಿತು. ನಮ್ಮ ಕೆರೆಗಿರುವ ಬಾಯಿ ಎಂದರೆ ಕೋಡಿ. ಅದು ಹರಿಯುವುದು ಒಳ್ಳೆ ಮಳೆ ಆದ ವರ್ಷ ಮಾತ್ರ. ಬಯಲುಸೀಮೆಯ ಕೆರೆಗೆ ಹೊಸ ಬಾಯಿ ಕಡಿದರೂ ಆಚೆ ಸಮುದ್ರವಿಲ್ಲ, ಕೆಳಗಿನ ಊರಿನ ಕೆರೆ ಇದೆ.

ಈಗ ಕೆಜಿ ಲೆಕ್ಕ. ನೆನಪಿಡಲು ಸುಲಭವಾದ ಸೂತ್ರ: ಲೀಟರಿಗೆ 1 ಮಿಗ್ರಾಂ ಎಂದರೆ 1 ಎಂಎಲ್‌ಡಿಗೆ ದಿನಕ್ಕೆ 1 ಕೆಜಿ. ನಮ್ಮ ಊರುಗಳ ಮೋರಿ ನೀರಿನಲ್ಲಿ ಸಾಮಾನ್ಯವಾಗಿ ಒಟ್ಟು ಸಾರಜನಕ 40-60, ರಂಜಕ 5-8 ಮಿಗ್ರಾಂ ಇರುತ್ತದೆ. ಸಾದಾ ಆಕ್ಟಿವೇಟೆಡ್ ಸ್ಲಡ್ಜ್ ಪ್ಲಾಂಟ್ (ತೊಟ್ಟಿಗೆ ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವಂಥದ್ದು) ಬಿಒಡಿಯನ್ನು ನೂರಕ್ಕೆ 90ಕ್ಕೂ ಹೆಚ್ಚು ಇಳಿಸುತ್ತದೆ. ರಂಜಕವನ್ನು ಇಳಿಸುವುದು ನೂರಕ್ಕೆ 20-30 ಅಷ್ಟೆ, ಅದೂ ಬ್ಯಾಕ್ಟೀರಿಯಾ ತಮ್ಮ ಮೈಗೆ ಬೇಕಾದಷ್ಟನ್ನು ತಿನ್ನುವುದರಿಂದ. ಹೊರಗೆ ಹೋಗುವ ನೀರಿನಲ್ಲಿ ರಂಜಕ 4 ಮಿಗ್ರಾಂ ಎಂದಿಟ್ಟುಕೊಳ್ಳಿ. 440 ಎಂಎಲ್‌ಡಿ ಪೂರ್ತಿ ಹರಿದರೆ ದಿನಕ್ಕೆ 1,760 ಕೆಜಿ ರಂಜಕ. ರೈತರ ಭಾಷೆಯಲ್ಲಿ ಹೇಳುವುದಾದರೆ, 50 ಕೆಜಿಯ ಒಂದು ಡಿಎಪಿ ಮೂಟೆಯಲ್ಲಿ ಶುದ್ಧ ರಂಜಕ ಸುಮಾರು 10 ಕೆಜಿ. ಅಂದರೆ ದಿನಾ 176 ಮೂಟೆ ಡಿಎಪಿಯನ್ನು ಕೆರೆಗಳಿಗೆ ಸುರಿದ ಲೆಕ್ಕ. 1 ಮಿಗ್ರಾಂಗೆ ಇಳಿಸಿದರೆ 44 ಮೂಟೆ.

ಅದರಿಂದ ಆಗುವುದೇನು? ಪಾಚಿಯ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕ ಹೆಚ್ಚುಕಡಿಮೆ 106:16:1 ಅಣುಗಳ ಅನುಪಾತದಲ್ಲಿರುತ್ತವೆ. ತೂಕಕ್ಕೆ ತಿರುಗಿಸಿದರೆ 1 ಗ್ರಾಂ ರಂಜಕ ಸುಮಾರು 114 ಗ್ರಾಂ ಒಣ ಪಾಚಿಯನ್ನು ಸಾಕುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ 140 ಗ್ರಾಂ ಆಮ್ಲಜನಕ ಬೇಡುತ್ತದೆ. ಇದನ್ನು ಇನ್ನೊಮ್ಮೆ ಓದಿ. ಬಿಒಡಿ 10 ಇರಬೇಕೋ 20 ಇರಬೇಕೋ ಎಂದು ಕೋರ್ಟಿನಲ್ಲಿ ವಾದ ನಡೆಯುವ ನೀರಿನಲ್ಲೇ, ರಂಜಕ 1 ಮಿಗ್ರಾಂ ಇದ್ದರೆ ಅದು ಕೆರೆಯೊಳಗೆ 140 ಮಿಗ್ರಾಂ ಆಮ್ಲಜನಕದ ಬೇಡಿಕೆಯನ್ನು ಹೊಸದಾಗಿ ಹುಟ್ಟಿಸಬಲ್ಲದು. ಪ್ಲಾಂಟಿನಲ್ಲಿ ಕರೆಂಟು ಸುಟ್ಟು ತೆಗೆದ ಕೊಳೆಯನ್ನು ಬಿಸಿಲು ಪುಕ್ಕಟೆಯಾಗಿ ಮತ್ತೆ ಬೆಳೆಸಿಕೊಡುತ್ತದೆ.

ಮಾನದಂಡಗಳ ಮಾತು. ಕೇಂದ್ರ ಪರಿಸರ ಸಚಿವಾಲಯದ 2017ರ ಅಕ್ಟೋಬರ್ ಅಧಿಸೂಚನೆಯಲ್ಲಿ ಮಹಾನಗರಗಳಿಗೆ ಬಿಒಡಿ 20, ಉಳಿದ ಊರುಗಳಿಗೆ 30. ಸಾರಜನಕ, ರಂಜಕದ ಸುದ್ದಿಯೇ ಇಲ್ಲ. 2019ರ ಏಪ್ರಿಲ್ 30ರ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶ ಬಿಒಡಿ 10, ಟಿಎಸ್‌ಎಸ್ 20, ಸಿಒಡಿ 50, ಒಟ್ಟು ಸಾರಜನಕ 10 ಎಂದಿತು. ಕೆರೆ-ಕುಂಟೆಗೆ ಬಿಡುವುದಾದರೆ ರಂಜಕ 1 ಎಂದು ಪ್ರತ್ಯೇಕವಾಗಿ ಸೇರಿಸಿತು. ಆ ಒಂದು ಸಾಲು ನಮ್ಮ ಜಿಲ್ಲೆಗಳಿಗೆ ಉಳಿದದ್ದೆಲ್ಲಕ್ಕಿಂತ ಮುಖ್ಯ. ಯೂರೋಪಿನವರು 1991ರ ನಿರ್ದೇಶನದಲ್ಲೇ 'ಸೂಕ್ಷ್ಮ ಪ್ರದೇಶ' ಎಂದು ಬೇರೆ ಮಾಡಿ, ದೊಡ್ಡ ಊರುಗಳಿಗೆ ಸಾರಜನಕ 10, ರಂಜಕ 1 ಹಾಕಿದ್ದರು. ಫ್ಲಾರಿಡಾದಲ್ಲಿ ಸುಧಾರಿತ ಸಂಸ್ಕರಣೆ ಎಂದರೆ 5-5-3-1: ಬಿಒಡಿ 5, ಟಿಎಸ್‌ಎಸ್ 5, ಸಾರಜನಕ 3, ರಂಜಕ 1. ಅಲ್ಲಿ ಸಾರಜನಕಕ್ಕೆ ಅಷ್ಟು ಬಿಗಿ ಏಕೆಂದರೆ ಉಪ್ಪುನೀರಿನಲ್ಲಿ ಪಾಚಿಗೆ ಸಾಮಾನ್ಯವಾಗಿ ಮೊದಲು ಕಡಿಮೆ ಬೀಳುವುದು ಸಾರಜನಕ. ಸಿಹಿನೀರಿನ ಕೆರೆಯಲ್ಲಿ ಮೊದಲು ಕಡಿಮೆ ಬೀಳುವುದು ರಂಜಕ. ಲಗೂನಿನ ಪ್ಲಾಂಟನ್ನು ಯಥಾವತ್ತು ತಂದು ಕೆರೆಗೆ ಕೂರಿಸಿದರೆ ಖರ್ಚು ತಪ್ಪು ಜಾಗಕ್ಕೆ ಹೋಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ರಂಜಕ 1 ಮಿಗ್ರಾಂ ಎಂದರೆ ಕೆರೆ ಸ್ಫಟಿಕದಂತಾಗುತ್ತದೆ ಎಂದು ಯಾರೂ ಆಸೆ ತೋರಿಸಬಾರದು. 1982ರ ಒಇಸಿಡಿ (ಮುಂದುವರಿದ ದೇಶಗಳ ಆರ್ಥಿಕ ಸಂಘಟನೆ) ವರ್ಗೀಕರಣದಲ್ಲಿ ಸರೋವರದ ರಂಜಕ 0.1 ಮಿಗ್ರಾಂ ದಾಟಿದರೇ ಅತಿಪೋಷಿತ, ಅಂದರೆ ಕೊನೆಯ ದರ್ಜೆ. ನಾವು ಗುರಿ ಇಟ್ಟಿರುವುದು ಅದರ ಹತ್ತು ಪಟ್ಟು. 1 ಮಿಗ್ರಾಂ ನೀರಿನ ಕೆರೆಯೂ ಹಸಿರಾಗೇ ಇರುತ್ತದೆ. ಆದರೆ ಮೀನು ಸಾಯುವ ಹಸಿರಿಗೂ ಮೀನು ಬದುಕುವ ಹಸಿರಿಗೂ ವ್ಯತ್ಯಾಸವಿದೆ.

ಮೀನು ಸಾಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಲ್ಯಾಬ್ ರಿಪೋರ್ಟು ಹೇಗೆ ದಾರಿ ತಪ್ಪಿಸುತ್ತದೆ ಎಂದು ತಿಳಿಯುತ್ತದೆ. ಪ್ಲಾಂಟಿನಿಂದ ಹೊರಟ ನೀರಿನಲ್ಲಿ ಅಮೋನಿಯಾ ಸಾರಜನಕ 5 ಮಿಗ್ರಾಂ, ಪಿಎಚ್ 7.2. ಈ ಪಿಎಚ್‌ನಲ್ಲಿ ಅಮೋನಿಯಾದ ನೂರಕ್ಕೆ ಒಂದು ಪಾಲಷ್ಟೇ ವಿಷದ ರೂಪದಲ್ಲಿರುತ್ತದೆ, ಅಂದರೆ 0.05 ಮಿಗ್ರಾಂ. ಸಹಿಸಿಕೊಳ್ಳಬಹುದು. ಅದೇ ನೀರು ಪಾಚಿ ತುಂಬಿದ ಕೆರೆಗೆ ಹೋಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಪಾಚಿ ಬಿಸಿಲಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ಹೀರಿ ಪಿಎಚ್ ಅನ್ನು 9ಕ್ಕೆ ಏರಿಸಿರುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 8ಕ್ಕೆ ವಿಷದ ಪಾಲು ನೂರಕ್ಕೆ 5, ಪಿಎಚ್ 9ಕ್ಕೆ ನೂರಕ್ಕೆ 36. ಈಗ ಅದೇ 5 ಮಿಗ್ರಾಂ ಅಮೋನಿಯಾದಲ್ಲಿ 1.8 ಮಿಗ್ರಾಂ ವಿಷ. ಕಾಟ್ಲಾ, ರೋಹು ಅಲ್ಲಿ ಉಳಿಯುವುದು ಕಷ್ಟ. ಉಳಿದವಕ್ಕೆ ರಾತ್ರಿ ಇನ್ನೊಂದು ಕಂಟಕ ಕಾದಿರುತ್ತದೆ: ಬೆಳಕಿಲ್ಲದ ಹೊತ್ತಿನಲ್ಲಿ ಪಾಚಿಯೂ ಉಸಿರಾಡುತ್ತದೆ, ಬೆಳಗಿನ ಜಾವ ಐದಕ್ಕೆ ಕರಗಿದ ಆಮ್ಲಜನಕ 1 ಮಿಗ್ರಾಂಗೂ ಇಳಿಯಬಹುದು. ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಬಂದು ಸ್ಯಾಂಪಲ್ ತೆಗೆದರೆ ಪಿಎಚ್ ಇನ್ನೂ ಪೂರ್ತಿ ಏರಿರುವುದಿಲ್ಲ, ಆಮ್ಲಜನಕ ಆಗಲೇ ಚೇತರಿಸಿಕೊಂಡಿರುತ್ತದೆ. ಎರಡು ಕಂಟಕವೂ ರಿಪೋರ್ಟಿಗೆ ಸಿಗುವುದಿಲ್ಲ.

ಸಾರಜನಕಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವಿದೆ, ಅದು ಲಗೂನಿನವರಿಗೆ ಇಲ್ಲದ್ದು. ಈ ಕೆರೆಗಳು ತುಂಬುವುದು ಅಂತರ್ಜಲಕ್ಕಾಗಿ. ಪಂಪ್‌ಸೆಟ್ ಇಟ್ಟು ನೇರ ಎತ್ತುವಂತಿಲ್ಲ. ಕೆರೆಯ ತಳದಿಂದ ಬಿರುಕು ಕಲ್ಲಿನ ಮೂಲಕ ಇಳಿದ ನೀರು ಯಾರದೋ ಬೋರ್‌ವೆಲ್‌ನಲ್ಲಿ ಮೇಲೆ ಬರುತ್ತದೆ. ಕುಡಿಯುವ ನೀರಿಗೆ ನೈಟ್ರೇಟ್ ಮಿತಿ 45 ಮಿಗ್ರಾಂ. ನೈಟ್ರೇಟ್ ರೂಪದ ಸಾರಜನಕ 10 ಮಿಗ್ರಾಂ ಎಂದರೆ ನೈಟ್ರೇಟ್ 44 ಮಿಗ್ರಾಂ. ಎನ್‌ಜಿಟಿಯ 10 ಮತ್ತು ಕುಡಿಯುವ ನೀರಿನ 45 ಎರಡೂ ಹತ್ತಿರ ಹತ್ತಿರ ಒಂದೇ ಗೆರೆ. ಒಟ್ಟು ಸಾರಜನಕ 25 ಇರುವ ನೀರನ್ನು ಇಂಗಿಸಿ, ಕೆರೆಯೇ ಉಳಿದದ್ದನ್ನು ನೋಡಿಕೊಳ್ಳಲಿ ಎನ್ನುವುದು ಫ್ಲೋರೈಡ್ ಕುಡಿದು ಸುಸ್ತಾದ ಊರುಗಳಿಗೆ ಇನ್ನೊಂದು ತಲೆನೋವು ಕೊಟ್ಟಂತೆ.

ಸಾರಜನಕ ತೆಗೆಯುವುದು

ಕೆಲಸ ಎರಡು ಮನೆಯದು. ಗಾಳಿ ಇರುವ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗಬೇಕು. ಗಾಳಿ ಇಲ್ಲದ ಅನಾಕ್ಸಿಕ್ ತೊಟ್ಟಿಯಲ್ಲಿ, ಕೊಳಚೆಯ ಇಂಗಾಲವನ್ನೇ ಆಹಾರ ಮಾಡಿಕೊಂಡು, ನೈಟ್ರೇಟ್ ಸಾರಜನಕ ಅನಿಲವಾಗಿ ಹಾರಿ ಹೋಗಬೇಕು. ಆಹಾರ ಇರುವುದು ಒಳಬರುವ ಕೊಳಚೆಯಲ್ಲಿ, ಹಾಗಾಗಿ ಅನಾಕ್ಸಿಕ್ ತೊಟ್ಟಿ ಮುಂದಿರುತ್ತದೆ. ನೈಟ್ರೇಟ್ ಹುಟ್ಟುವುದು ಅದರ ನಂತರದ ಗಾಳಿ ತೊಟ್ಟಿಯಲ್ಲಿ, ಹಾಗಾಗಿ ಅದನ್ನು ಪಂಪಿನಿಂದ ಮುಂದಕ್ಕೆ ತಂದು ಸುರಿಯಬೇಕು. ಈ ಒಳಸುತ್ತಿನ ಪಂಪೇ ಇಡೀ ವ್ಯವಸ್ಥೆಯ ಜೀವ. ಕೆಸರು ಕೂರಿಸುವ ಕೊನೆಯ ತೊಟ್ಟಿಯಾದ ಕ್ಲಾರಿಫೈಯರ್‌ನಿಂದ ವಾಪಸ್ ಬರುವ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಒಳಹರಿವಿನಷ್ಟೇ ಇದ್ದು, ಒಳಸುತ್ತು ಮೂರು ಪಟ್ಟು ಓಡಿದರೆ, ನೈಟ್ರೇಟ್‌ನ ಐದರಲ್ಲಿ ನಾಲ್ಕು ಪಾಲು ಅನಾಕ್ಸಿಕ್ ತೊಟ್ಟಿಗೆ ಮರಳುತ್ತದೆ. 38 ಮಿಗ್ರಾಂ ನೈಟ್ರೇಟ್ ಸಾರಜನಕ ಹುಟ್ಟಿದ್ದರೆ ಹೊರಗೆ ಹೋಗುವುದು 7.6. ಆ ಪಂಪ್ ಕೆಟ್ಟು ನಿಂತರೆ ಅರ್ಧ ಮಾತ್ರ ಮರಳುತ್ತದೆ, ಹೊರಗೆ 19. ಬಿಒಡಿ ಮಾತ್ರ ಎರಡು ಸಲವೂ ಒಂದೇ. ಬೋರ್ಡು ನೋಡುವವರಿಗೆ ಪಂಪ್ ನಿಂತದ್ದು ತಿಳಿಯುವುದೇ ಇಲ್ಲ, ಅದಕ್ಕೇ ಅದು ತಿಂಗಳುಗಟ್ಟಲೆ ರಿಪೇರಿಯ ಸಾಲಿನಲ್ಲಿ ಹಿಂದೆ ಬೀಳುತ್ತದೆ.

ಕರೆಂಟು ಉಳಿಸಲು ಒಳಸುತ್ತನ್ನು ನಿಲ್ಲಿಸುವುದು ಅತಿಜಾಣತನ. 1 ಮಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಮಿಗ್ರಾಂ ಆಮ್ಲಜನಕ ಬೇಕು. ಆ ನೈಟ್ರೇಟ್ ಅನಿಲವಾಗುವಾಗ 2.86 ಮಿಗ್ರಾಂನಷ್ಟು ವಾಪಸ್ ಸಿಗುತ್ತದೆ. ಗಾಳಿ ಊದುವ ಬ್ಲೋವರ್ ಬಿಲ್ಲಿನ ಎದುರು ಒಳಸುತ್ತಿನ ಪಂಪಿನ ಬಿಲ್ಲು ಚಿಲ್ಲರೆ. ಪಿಎಚ್ ಇಳಿಯದಂತೆ ಹಿಡಿದಿಡುವ ಕ್ಷಾರತೆಯ ಲೆಕ್ಕವೂ ಹೀಗೇ: ನೈಟ್ರೇಟ್ ಆಗುವಾಗ ಮಿಗ್ರಾಂಗೆ 7.14 ಖರ್ಚು, ಅನಿಲವಾಗುವಾಗ 3.57 ಜಮಾ. ಗಡಸು ಬೋರ್‌ವೆಲ್ ನೀರು ಕುಡಿಯುವ ನಮ್ಮ ಊರುಗಳ ಮೋರಿ ನೀರಿನಲ್ಲಿ ಸಾಮಾನ್ಯವಾಗಿ ಕ್ಷಾರತೆಗೆ ಬರವಿಲ್ಲ. ಆದರೂ ಹೊರಹೋಗುವ ನೀರಿನಲ್ಲಿ ಅದು 80ಕ್ಕಿಂತ ಕೆಳಗಿಳಿದರೆ ಪಿಎಚ್ ಜಾರಲು ಶುರುವಾಗುತ್ತದೆ, ಅಮೋನಿಯಾವನ್ನು ನೈಟ್ರೇಟ್ ಮಾಡುವ ನೈಟ್ರಿಫೈಯರ್ ಬ್ಯಾಕ್ಟೀರಿಯಾ ಮುಷ್ಕರ ಹೂಡುತ್ತವೆ.

ಆ ಬ್ಯಾಕ್ಟೀರಿಯಾ ನಿಧಾನ ಬೆಳೆಯುವ ಜಾತಿ. ಸ್ಲಡ್ಜ್ ವಯಸ್ಸು, ಅಂದರೆ ಅದು ಪ್ಲಾಂಟಿನಲ್ಲಿ ಸರಾಸರಿ ಉಳಿಯುವ ಕಾಲ, ನಮ್ಮ ಹವೆಯಲ್ಲಿ 8-10 ದಿನ ಇಟ್ಟುಕೊಳ್ಳಬೇಕು. ಒಂದು ಉದಾಹರಣೆ: ಏರೇಷನ್ (ಗಾಳಿ ಊದುವ) ತೊಟ್ಟಿ 6,000 ಘನ ಮೀಟರ್, ಎಂಎಲ್‌ಎಸ್‌ಎಸ್ (ಆ ತೊಟ್ಟಿಯ ನೀರಿನಲ್ಲಿರುವ ಸ್ಲಡ್ಜ್ ಕಣ) 3,500. ಒಟ್ಟು 21,000 ಕೆಜಿ ಸ್ಲಡ್ಜ್. ಹತ್ತು ದಿನದ ವಯಸ್ಸಿಗೆ ದಿನಾ 2,100 ಕೆಜಿ ಹೊರಹಾಕಬೇಕು; ತಳದ ಸ್ಲಡ್ಜ್ 8,000 ಮಿಗ್ರಾಂ ಗಟ್ಟಿ ಇದ್ದರೆ ಸುಮಾರು 260 ಘನ ಮೀಟರ್. ದಿನಾ. ಭಾನುವಾರವೂ. ಇಲ್ಲೇ ಹೆಚ್ಚಿನ ಪ್ಲಾಂಟುಗಳು ಎಡವುವುದು. ಸ್ಲಡ್ಜಿನ ನೀರು ತೆಗೆಯುವ ಸೆಂಟ್ರಿಫ್ಯೂಜ್ ಕೆಟ್ಟಿರುತ್ತದೆ, ಅದಕ್ಕೆ ಬೇಕಾದ ಪಾಲಿಮರ್ ಇಂಡೆಂಟ್ ಮಂಜೂರಾಗಿರುವುದಿಲ್ಲ, ಮಳೆಗೆ ಒಣಗುಮಡಿಗಳು ಕೆಸರುಗದ್ದೆಯಾಗಿರುತ್ತವೆ. ಸ್ಲಡ್ಜ್ ತೊಟ್ಟಿಯಲ್ಲೇ ಉಳಿಯುತ್ತದೆ, ಎಂಎಲ್‌ಎಸ್‌ಎಸ್ 6,000 ದಾಟುತ್ತದೆ, ಕ್ಲಾರಿಫೈಯರ್‌ನ ತಳದ ಸ್ಲಡ್ಜ್ ಹೊದಿಕೆ ಮೇಲೇರಿ ಒಂದು ರಾತ್ರಿ ಅಂಚು ಮೀರಿ ಹೊರಟುಬಿಡುತ್ತದೆ. ಬೆಳಿಗ್ಗೆ ನೋಡಿದರೆ ಎಂಎಲ್‌ಎಸ್‌ಎಸ್ ತಾನಾಗಿ ಸರಿಹೋಗಿರುತ್ತದೆ, ಏಕೆಂದರೆ ಸ್ಲಡ್ಜ್ ಕೆರೆಯಲ್ಲಿದೆ.

ಏರೇಷನ್ ತೊಟ್ಟಿಯ ನೀರನ್ನು ಒಂದು ಲೀಟರ್ ಅಳತೆ ಜಾಡಿಯಲ್ಲಿ ಅರ್ಧ ಗಂಟೆ ಕೂರಿಸುವ ಪರೀಕ್ಷೆಗೆ ಖರ್ಚೇ ಇಲ್ಲ. ಸ್ಲಡ್ಜ್ 300 ಮಿಲೀಗೆ ಕೂತು, ಎಂಎಲ್‌ಎಸ್‌ಎಸ್ 3,000 ಇದ್ದರೆ ಎಸ್‌ವಿಐ (ಕೂತ ಮೇಲೆ ಒಂದು ಗ್ರಾಂ ಸ್ಲಡ್ಜ್ ಹಿಡಿಯುವ ಮಿಲೀ) 100, ಚೆನ್ನಾಗಿದೆ. 150 ದಾಟಿದರೆ ನೂಲು ಬ್ಯಾಕ್ಟೀರಿಯಾ ಬೆಳೆಯುತ್ತಿವೆ ಎಂದು ಅನುಮಾನಿಸಿ. ಜಾಡಿಯನ್ನು ಅರ್ಧ ಗಂಟೆಗೆ ಚೆಲ್ಲದೆ ಇನ್ನೆರಡು ಗಂಟೆ ಬಿಡಿ. ಕೂತಿದ್ದ ಸ್ಲಡ್ಜ್ ಗುಳ್ಳೆ ಕಟ್ಟಿಕೊಂಡು ಒಂದೇ ಮುದ್ದೆಯಾಗಿ ಮೇಲೆದ್ದರೆ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ ಎಂದರ್ಥ. ಕ್ಲಾರಿಫೈಯರ್‌ನಲ್ಲೂ ಅದೇ ಆಗುತ್ತಿರುತ್ತದೆ. ಅದನ್ನು ಬಲ್ಕಿಂಗ್ (ನೂಲು ಬ್ಯಾಕ್ಟೀರಿಯಾದಿಂದ ಸ್ಲಡ್ಜ್ ಉಬ್ಬುವುದು) ಎಂದು ತಪ್ಪು ತಿಳಿದು ಕ್ಲೋರಿನ್ ಹಾಕುವವರಿದ್ದಾರೆ. ಹಾಕಿದರೆ ನೈಟ್ರಿಫೈಯರ್‌ಗಳೇ ಮೊದಲು ಸಾಯುತ್ತವೆ.

ಗಾಳಿ ಹೆಚ್ಚಾದರೂ ಕೆಡುಕೇ. ಏರೇಷನ್ ತೊಟ್ಟಿಯ ಕೊನೆಯಲ್ಲಿ ಕರಗಿದ ಆಮ್ಲಜನಕ 2 ಮಿಗ್ರಾಂ ಸಾಕು. 4 ಇದ್ದರೆ ಒಳಸುತ್ತಿನ ಪಂಪ್ ಆ ಆಮ್ಲಜನಕವನ್ನೂ ಹೊತ್ತು ಅನಾಕ್ಸಿಕ್ ತೊಟ್ಟಿಗೆ ತಂದು ಸುರಿಯುತ್ತದೆ, ಬ್ಯಾಕ್ಟೀರಿಯಾ ಸುಲಭಕ್ಕೆ ಸಿಕ್ಕಿದ ಆಮ್ಲಜನಕ ಬಿಟ್ಟು ನೈಟ್ರೇಟ್ ಮುಟ್ಟುವುದಿಲ್ಲ.

ಊರಿನ ಗುಣವೂ ಮೋರಿಯಲ್ಲಿ ಕಾಣುತ್ತದೆ. ಶಿಡ್ಲಘಟ್ಟದಂಥ ರೇಷ್ಮೆ ಊರಿನಲ್ಲಿ ಗೂಡು ಬೇಯಿಸಿದ ನೀರು ಯುಜಿಡಿಗೆ (ಒಳಚರಂಡಿಗೆ) ಸೇರಿದರೆ ಅದರಲ್ಲಿರುವುದು ಸೆರಿಸಿನ್, ಅಂದರೆ ಪ್ರೋಟೀನ್, ಅಂದರೆ ತೂಕದ ಆರರಲ್ಲೊಂದು ಪಾಲು ಸಾರಜನಕ. ಸೆಪ್ಟಿಕ್ ಟ್ಯಾಂಕಿನ ಗಾಡಿಗಳು ಇನ್ನೊಂದು. 5,000 ಲೀಟರಿನ ಗಾಡಿಯಲ್ಲಿ ಸಾರಜನಕ 500 ಮಿಗ್ರಾಂ ಎಂದಿಟ್ಟುಕೊಂಡರೂ ಒಂದು ಗಾಡಿಗೆ 2.5 ಕೆಜಿ. 1 ಎಂಎಲ್‌ಡಿಯ ಸಣ್ಣ ಪ್ಲಾಂಟಿಗೆ ದಿನಕ್ಕೆ ಬರುವುದೇ 45 ಕೆಜಿ ಇರುವಾಗ, ಹತ್ತು ಗಾಡಿ ಒಟ್ಟಿಗೆ ಮ್ಯಾನ್‌ಹೋಲಿಗೆ ಸುರಿದರೆ ಆ ದಿನ ಅಮೋನಿಯಾ ಹಾಗೇ ದಾಟಿ ಹೋಗುತ್ತದೆ. ಗಾಡಿ ಬೇಡವೆಂದರೆ ಅವರು ರಾಜಕಾಲುವೆಗೇ ಸುರಿಯುತ್ತಾರೆ. ಒಂದು ಸಣ್ಣ ಸಂಗ್ರಹ ತೊಟ್ಟಿ ಕಟ್ಟಿ, ರಾತ್ರಿ ಹರಿವು ಕಡಿಮೆ ಇರುವಾಗ ಸಣ್ಣ ಪಂಪಿನಿಂದ ಸ್ವಲ್ಪ ಸ್ವಲ್ಪವೇ ಒಳಬಿಟ್ಟುಕೊಳ್ಳುವುದು ಲೇಸು.

ರಂಜಕ ತೆಗೆಯುವುದು

ಜೈವಿಕವಾಗಿಯೂ ತೆಗೆಯಬಹುದು, ಆದರೆ ಅದಕ್ಕೆ ಗಾಳಿಯ ಜೊತೆಗೆ ನೈಟ್ರೇಟ್ ಕೂಡ ಇಲ್ಲದ ಅನೇರೋಬಿಕ್ ತೊಟ್ಟಿ ಬೇಕು, ನಾಜೂಕು ಬೇಕು. ಇರುವ ಪ್ಲಾಂಟಿಗೆ ಬೇಗ ಸೇರಿಸಬಹುದಾದದ್ದು ಪಟಿಕ, ಅಂದರೆ ಆಲಂ. 1 ಮಿಗ್ರಾಂ ರಂಜಕಕ್ಕೆ ಲೆಕ್ಕದ ಪ್ರಕಾರ 9.6 ಮಿಗ್ರಾಂ ಆಲಂ. ನಿಜದಲ್ಲಿ ಅದರ ಒಂದೂವರೆಯಿಂದ ಎರಡು ಪಟ್ಟು. 5ರಿಂದ 1ಕ್ಕೆ ಇಳಿಸಲು ಲೀಟರಿಗೆ 60-80 ಮಿಗ್ರಾಂ. ಸರಾಸರಿ 70 ಎಂದರೆ ಎಂಎಲ್‌ಡಿಗೆ ದಿನಕ್ಕೆ 70 ಕೆಜಿ ಆಲಂ, ಸುಮಾರು 24 ಕೆಜಿ ಹೆಚ್ಚುವರಿ ಒಣ ಸ್ಲಡ್ಜ್, 35 ಮಿಗ್ರಾಂ ಕ್ಷಾರತೆ ಖರ್ಚು. ಈಗಾಗಲೇ ಸ್ಲಡ್ಜ್ ಹೊರಹಾಕಲಾಗದ ಪ್ಲಾಂಟಿಗೆ ಆಲಂ ಸೇರಿಸುವುದು ಬೆಂಕಿಗೆ ತುಪ್ಪ. ಮೊದಲು ಸೆಂಟ್ರಿಫ್ಯೂಜ್, ಆಮೇಲೆ ಆಲಂ.

ಡೋಸ್ ಎಷ್ಟೆಂದು ಜಾರ್ ಟೆಸ್ಟೇ ಹೇಳಬೇಕು, ಸಪ್ಲೈ ಮಾಡುವವನಲ್ಲ. 10 ಗ್ರಾಂ ಆಲಂ ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಇದರ 1 ಮಿಲೀ ಒಂದು ಲೀಟರ್ ಜಾರಿಗೆ ಹಾಕಿದರೆ 10 ಮಿಗ್ರಾಂ ಡೋಸ್. ಏರೇಷನ್ ತೊಟ್ಟಿಯ ಕೊನೆಯ ಮಿಶ್ರಣವನ್ನೇ ಆರು ಜಾರಿಗೆ ತುಂಬಿ, 0, 2, 4, 6, 8, 10 ಮಿಲೀ ಹಾಕಿ. ಬರೀ ತಿಳಿನೀರಿನಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ. ನಿಮಿಷಕ್ಕೆ 100 ಸುತ್ತಿನಲ್ಲಿ ಒಂದು ನಿಮಿಷ ಜೋರಾಗಿ, 25 ಸುತ್ತಿನಲ್ಲಿ ಹದಿನೈದು ನಿಮಿಷ ನಿಧಾನವಾಗಿ ಕಲಕಿ, ಅರ್ಧ ಗಂಟೆ ಬಿಡಿ. ಮೇಲಿನ ನೀರನ್ನು 0.45 ಮೈಕ್ರಾನ್ ಕಾಗದದಲ್ಲಿ ಸೋಸಿ ಕರಗಿದ ರಂಜಕವನ್ನೂ, ಸೋಸದೆ ಒಟ್ಟು ರಂಜಕವನ್ನೂ ನೋಡಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ತೊಂದರೆ ಡೋಸಿನದಲ್ಲ, ಕೂರಿಸುವುದರದು. ಸ್ಲಡ್ಜ್ ಕಣದಲ್ಲೇ ತೂಕದ ನೂರಕ್ಕೆ 2ರಷ್ಟು ರಂಜಕವಿರುತ್ತದೆ. ಟಿಎಸ್‌ಎಸ್ 20 ಎಂದರೆ 0.4 ಮಿಗ್ರಾಂ ರಂಜಕ ಕಣದ ಬೆನ್ನೇರಿಯೇ ಹೋಯಿತು. 1 ಮಿಗ್ರಾಂ ಮಿತಿಯ ಐದರಲ್ಲಿ ಎರಡು ಪಾಲು ಅಲ್ಲೇ ಮುಗಿಯಿತು. ಅದಕ್ಕೇ ಮರಳಿನ ಅಥವಾ ಬಟ್ಟೆಯ ಫಿಲ್ಟರ್ ಇಲ್ಲದೆ 1ರ ಕೆಳಗೆ ನಿಲ್ಲುವುದು ಕಷ್ಟ.

ಆಲಂ ಹಾಕುವ ಜಾಗ ಏರೇಷನ್ ತೊಟ್ಟಿಯಿಂದ ಕ್ಲಾರಿಫೈಯರ್‌ಗೆ ನೀರು ಧುಮುಕುವ ಕಡೆ. ಅಲ್ಲಿ ಕಲಕು ಪುಕ್ಕಟೆ. ಪೈಪಿನ ತುದಿ ನೀರಿನ ಅಂಚಿಗೆ ಬಿದ್ದರೆ ಒಂದು ಬದಿ ಮಾತ್ರ ಬಿಳಿ ಹೂವಾಗಿ, ಇನ್ನೊಂದು ಬದಿ ಹಾಗೇ ದಾಟುತ್ತದೆ. ಸ್ಲಡ್ಜನ್ನು ಗಟ್ಟಿ ಮಾಡುವ ಥಿಕ್‌ನರ್‌ ತೊಟ್ಟಿಯಲ್ಲಿ ಎರಡು ದಿನ ಮರೆತರೆ, ಬ್ಯಾಕ್ಟೀರಿಯಾ ಹಿಡಿದಿಟ್ಟುಕೊಂಡಿದ್ದ ರಂಜಕ ಮತ್ತೆ ಕರಗಿ, ಮೇಲಿನ ನೀರಿನೊಂದಿಗೆ ಪ್ಲಾಂಟಿನ ತಲೆಗೆ ವಾಪಸ್ ಬರುತ್ತದೆ. ತೆಗೆದದ್ದನ್ನೇ ಮತ್ತೆ ತೆಗೆಯಲು ಮತ್ತೆ ಆಲಂ.

ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ ವಿಷಯ ಬೇಗ ಮುಗಿಸುತ್ತೇನೆ. ಅಮೋನಿಯಾ ಉಳಿದಿರುವ ನೀರಿಗೆ ಕ್ಲೋರಿನ್ ಹಾಕಿದರೆ ಆಗುವುದು ಕ್ಲೋರಮಿನ್; ಮುಕ್ತ ಕ್ಲೋರಿನ್ ಸಿಗಬೇಕಾದರೆ 1 ಮಿಗ್ರಾಂ ಅಮೋನಿಯಾ ಸಾರಜನಕಕ್ಕೆ 7.6 ಮಿಗ್ರಾಂ ಸುರಿಯಬೇಕು. ಅಮೋನಿಯಾ 10 ಇದ್ದರೆ 76 ಮಿಗ್ರಾಂ, ಯಾರೂ ಸುರಿಯುವುದಿಲ್ಲ. ಕ್ಲೋರಮಿನ್ ಕೆರೆಯ ಮೀನಿಗೆ ವಿಷ. ಕೆರೆಗೆ ಹೋಗುವ ನೀರಿಗೆ ಯುವಿ (ಅತಿನೇರಳೆ ಬೆಳಕು) ವಾಸಿ, ಅದೂ ಫಿಲ್ಟರ್ ಆದ ಮೇಲೆ.

'ಇಷ್ಟೆಲ್ಲ ಯಾಕೆ, ಜೊಂಡು ನೆಟ್ಟು ಜೌಗು ಮಾಡಿ ಬಿಡಿ' ಎನ್ನುವವರಿಗೆ ಒಂದು ಗುಣಾಕಾರ. ಮೂರು ದಿನ ನೀರು ನಿಲ್ಲಬೇಕು, ಆಳ 35 ಸೆಂಮೀ ಎಂದರೆ 1 ಎಂಎಲ್‌ಡಿಗೆ 8,500 ಚದರ ಮೀಟರ್, ಎರಡು ಎಕರೆಗೂ ಚೂರು ಹೆಚ್ಚು. 440 ಎಂಎಲ್‌ಡಿಗೆ 900 ಎಕರೆ ದಾಟುತ್ತದೆ. ಒಂದೇ ಕಡೆ ಅಸಾಧ್ಯ, ಪ್ರತಿ ಕೆರೆಯ ನೀರು ಸೇರುವ ಬಾಯಲ್ಲಿ ಹತ್ತಿಪ್ಪತ್ತು ಗುಂಟೆ ಆಗದ ಮಾತಲ್ಲ. ನೈಟ್ರೇಟ್‌ಗೆ ಜೌಗು ಬಹಳ ಒಳ್ಳೆಯದು. ರಂಜಕಕ್ಕೆ ಅಷ್ಟಕ್ಕಷ್ಟೆ: ಜೊಂಡು ಕೊಯ್ದು ಹೊರಸಾಗಿಸದಿದ್ದರೆ ಹೀರಿದ್ದೆಲ್ಲ ಕೊಳೆತು ಮತ್ತೆ ನೀರಿಗೇ. ಅಂತರಗಂಗೆಯದೂ ಇದೇ ಪಾಡು. ಕೋಲಾರದವರಿಗೆ ಅಂತರಗಂಗೆ ಎಂದರೆ ಬೆಟ್ಟ, ಬಸವನ ಬಾಯಿಂದ ಬೀಳುವ ನೀರು. ಕೆರೆ ಮುಚ್ಚುವ ಕಳೆಗೂ ಅದೇ ಹೆಸರು ಅಂಟಿಕೊಂಡಿರುವುದು ವಿಚಿತ್ರ. ಆ ಕಳೆಯನ್ನು ಜೆಸಿಬಿಯಲ್ಲಿ ಎತ್ತಿ ಕೆರೆ ಏರಿಯ ಮೇಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಅದರ ರಸ ವಾಪಸ್ ಕೆರೆಗೇ ಇಳಿಯುತ್ತದೆ. ಹೊಲಕ್ಕೆ ಸಾಗಿಸಬೇಕು.

ಹೂಳಿನ ಸಾಲವನ್ನೂ ಮರೆಯುವಂತಿಲ್ಲ. ಫ್ಲಾರಿಡಾದ ಇಂಡಿಯನ್ ರಿವರ್ ಲಗೂನಿಗೆ ಕೊಳಚೆ ಪ್ಲಾಂಟುಗಳ ಪೈಪು ಬಿಡಬಾರದೆಂದು 1990ರಲ್ಲೇ ಕಾನೂನು ಮಾಡಿದರು. ಆದರೂ 2011ರಲ್ಲಿ ಭಾರೀ ಪಾಚಿ ಎದ್ದು ನೀರಡಿಯ ಹುಲ್ಲುಗಾವಲು ಸತ್ತಿತು, 2021ರಲ್ಲಿ ಆ ಹುಲ್ಲು ತಿನ್ನುವ ಮ್ಯಾನಟೀ ಎಂಬ ದೊಡ್ಡ ಜಲಸಸ್ತನಿಗಳು ಹಸಿವಿನಿಂದ ರಾಶಿ ರಾಶಿ ಸತ್ತವು. ಪೈಪು ನಿಂತಿತ್ತು, ಸೆಪ್ಟಿಕ್ ಟ್ಯಾಂಕು, ಗೊಬ್ಬರ, ತಳದ ಕಪ್ಪು ಹೂಳು ನಿಂತಿರಲಿಲ್ಲ. ನಮ್ಮ ಕೆರೆಯ ತಳದಲ್ಲೂ ಆಮ್ಲಜನಕ ಹೋದ ರಾತ್ರಿಗಳಲ್ಲಿ, ಹೂಳಿನ ಕಬ್ಬಿಣ ಅಲ್ಲಿಯವರೆಗೆ ಹಿಡಿದಿಟ್ಟು ಆಗ ಕೈಬಿಟ್ಟ ರಂಜಕ ಮೇಲೆ ಬರುತ್ತದೆ. ಇವತ್ತು 4 ಮಿಗ್ರಾಂ ಬಿಟ್ಟು ಇನ್ನೈದು ವರ್ಷಕ್ಕೆ 1ಕ್ಕೆ ಇಳಿಸೋಣ ಎಂದರೆ, ಆ ಐದು ವರ್ಷದ ಮೂಟೆಗಳು ತಳದಲ್ಲಿ ಕಾದಿರುತ್ತವೆ. ಕೆರೆ ಬತ್ತಿದ ವರ್ಷ ಗೋಡು ಹೊಡೆದು ಹೊಲಕ್ಕೆ ಹಾಕುವ ಹಳೆಯ ಪದ್ಧತಿಯೇ ಇದಕ್ಕೆ ಮದ್ದಾಗಿತ್ತು. ವರ್ಷವಿಡೀ ತುಂಬಿರುವ ಕೆರೆಗೆ ಆ ಮದ್ದು ಸಿಗುವುದಿಲ್ಲ.

ಗ್ರಾಮ ಪಂಚಾಯಿತಿಯಿಂದಲೋ ಸಂಘದಿಂದಲೋ ನೀರಿನ ಪರೀಕ್ಷೆ ಮಾಡಿಸುವುದಾದರೆ ಲ್ಯಾಬಿಗೆ ಹೆಸರಿಟ್ಟು ಕೇಳಬೇಕಾದದ್ದು: ಅಮೋನಿಯಾ ಸಾರಜನಕ, ನೈಟ್ರೇಟ್ ಸಾರಜನಕ, ಒಟ್ಟು ಸಾರಜನಕ, ಒಟ್ಟು ರಂಜಕ, ಕರಗಿದ ರಂಜಕ. ನೀರು ಕೆರೆಗೆ ಬೀಳುವ ಪೈಪಿನ ಬಾಯಲ್ಲಿ ಒಂದು ಸ್ಯಾಂಪಲ್, ತೂಬಿನ ಹತ್ತಿರ ಇನ್ನೊಂದು. ಪಿಎಚ್ ಮತ್ತು ಕರಗಿದ ಆಮ್ಲಜನಕವನ್ನು ಅಲ್ಲೇ ಮೀಟರ್ ಇಳಿಸಿ, ಬೆಳಗಿನ ಜಾವ ಐದೂವರೆಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಓದಬೇಕು. ಬಾಟಲಿಯಲ್ಲಿ ತುಂಬಿ ಕೋಲಾರದವರೆಗೆ ಬಸ್ಸಿನಲ್ಲಿ ಹೊತ್ತರೆ ಎರಡೂ ಬದಲಾಗಿರುತ್ತವೆ. ಅಮೋನಿಯಾ, ಒಟ್ಟು ರಂಜಕದ ಬಾಟಲಿಗೆ ಗಂಧಕಾಮ್ಲದ ಹನಿ ಹಾಕಿ ಪಿಎಚ್ 2ರ ಕೆಳಗಿಳಿಸಿ ಐಸ್ ಪೆಟ್ಟಿಗೆಯಲ್ಲಿಡಿ. ಕರಗಿದ ರಂಜಕದ್ದಕ್ಕೆ ಆಮ್ಲ ಹಾಕಬೇಡಿ, ಕೆರೆ ಏರಿಯ ಮೇಲೇ ಸೋಸಿ ತುಂಬಿ, ಎರಡು ದಿನದೊಳಗೆ ಪರೀಕ್ಷೆಯಾಗಲಿ. ಬಾಟಲಿಯನ್ನು ಮಾತ್ರ ಯಾವ ಕಾರಣಕ್ಕೂ ಸೋಪಿನ ಪುಡಿಯಲ್ಲಿ ತೊಳೆಯಬೇಡಿ. ಅದರಲ್ಲೂ ರಂಜಕವಿರಬಹುದು; ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಿಸಿ.